ಅರ್ಧ ತಿರುಗಿಸಿದರೆ ಮೂರನೇ ಒಂದು ಏಕೆ? ವೃತ್ತ, ಸಿಲಿಂಡರ್ ಮತ್ತು ಶಂಕುವಿನ ಲೆಕ್ಕ

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಪಾಠ ಹೇಳಿಕೊಡುತ್ತಿದ್ದೆ. ಅವಳು ಹೀಗೆ ಕೇಳಿದಳು: "ಆಯತವನ್ನು ಅದರ ಒಂದು ಅಂಚಿನ ಸುತ್ತ ತಿರುಗಿಸಿದರೆ ಸಿಲಿಂಡರ್ ಬರುತ್ತದೆ. ಅದೇ ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಅರ್ಧವನ್ನು ಮಾತ್ರ ತಿರುಗಿಸಿದರೆ ಶಂಕು ಬರುತ್ತದೆ. ಅರ್ಧವನ್ನು ತಿರುಗಿಸಿದ ಮೇಲೆ ಸಿಲಿಂಡರಿನ ಅರ್ಧದಷ್ಟು ಬರಬೇಕಲ್ಲವೇ? ಮೂರನೇ ಒಂದು ಭಾಗ ಎಲ್ಲಿಂದ ಬಂತು?" ನನಗೆ ಉತ್ತರ ಹೊಳೆಯಲಿಲ್ಲ. ಶಂಕುವಿನ ಮೇಲ್ಮೈ ವಿಸ್ತೀರ್ಣದ ಸೂತ್ರದಲ್ಲಿ ಆ ಮೂರನೇ ಒಂದು ಕಾಣುವುದೇ ಇಲ್ಲ, ಅದೇಕೆ? ಹಾಗೆಯೇ ಪೈ ಬೆಲೆಯನ್ನು 22/7 ಎಂದು ಇಟ್ಟುಕೊಳ್ಳುವುದು ಸರಿಯೋ, 3.14 ಎಂದೋ?

ಉತ್ತರ: ನಿಮ್ಮ ಮಗಳು ಕೇಳಿರುವುದು ಈ ಅಧ್ಯಾಯದ ಅತ್ಯುತ್ತಮ ಪ್ರಶ್ನೆ. ಸೂತ್ರಗಳನ್ನು ಬಾಯಿಪಾಠ ಮಾಡಿದವರಿಗೆ ಈ ಸಂಶಯ ಬರುವುದೇ ಇಲ್ಲ, ಆಕೃತಿಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದವರಿಗೆ ಮಾತ್ರ ಬರುತ್ತದೆ. ಅವಳ ತರ್ಕದಲ್ಲಿ ಒಂದೇ ಒಂದು ಎಳೆ ಬಿಟ್ಟುಹೋಗಿದೆ, ಮತ್ತು ಆ ಎಳೆಯನ್ನು ಹಿಡಿದುಕೊಂಡರೆ ವೃತ್ತ, ಸಿಲಿಂಡರ್, ಶಂಕು ಮೂರರ ಸೂತ್ರಗಳೂ ಒಂದೇ ವಿಚಾರದಿಂದ ಹೊರಬರುತ್ತವೆ.

ಆಯತವನ್ನು ಒಂದು ಅಂಚಿನ ಸುತ್ತ ತಿರುಗಿಸುವಾಗ ಅದರ ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ಕೆಲಸ ಮಾಡುವುದಿಲ್ಲ. ಆಯತವನ್ನು ಅಕ್ಷಕ್ಕೆ ಸಮಾಂತರವಾಗಿ ತೆಳುವಾದ ಪಟ್ಟಿಗಳನ್ನಾಗಿ ಸೀಳಿದ್ದೇವೆ ಎಂದುಕೊಳ್ಳಿ. ಅಕ್ಷಕ್ಕೆ ಅಂಟಿಕೊಂಡಿರುವ ಪಟ್ಟಿ ಒಂದು ಸುತ್ತು ತಿರುಗಿದರೆ ಪೆನ್ಸಿಲಿನಷ್ಟು ಸಪೂರವಾದ ಕೊಳವೆಯಾಗುತ್ತದೆ. ಅಷ್ಟೇ ಅಗಲ, ಅಷ್ಟೇ ಎತ್ತರದ ಹೊರಗಿನ ಪಟ್ಟಿ ತಿರುಗಿದರೆ ಡ್ರಮ್ಮಿನ ಗೋಡೆಯಂಥ ದೊಡ್ಡ ಕೊಳವೆಯಾಗುತ್ತದೆ. ಅಕ್ಷದಿಂದ ಎರಡು ಪಟ್ಟು ದೂರವಿರುವ ಪಟ್ಟಿ ಎರಡು ಪಟ್ಟು ಉದ್ದದ ದಾರಿಯನ್ನು ಸುತ್ತುವುದರಿಂದ ಅದು ತುಂಬುವ ಜಾಗವೂ ಎರಡು ಪಟ್ಟು. ಹೀಗಾಗಿ ಒಂದು ಆಕೃತಿಯ ವಿಸ್ತೀರ್ಣ ಎಷ್ಟು ಎಂಬುದರ ಜೊತೆಗೆ, ಆ ವಿಸ್ತೀರ್ಣ ಅಕ್ಷದಿಂದ ಎಷ್ಟು ದೂರದಲ್ಲಿ ಹರಡಿಕೊಂಡಿದೆ ಎಂಬುದೂ ಘನಫಲವನ್ನು ನಿರ್ಧರಿಸುತ್ತದೆ.

ಈಗ ಆಯತವನ್ನು ಕರ್ಣದ ಗುಂಟ ಕತ್ತರಿಸಿ ನೋಡೋಣ. ಎರಡು ಲಂಬಕೋನ ತ್ರಿಭುಜಗಳು ಬರುತ್ತವೆ, ಎರಡರ ವಿಸ್ತೀರ್ಣವೂ ಒಂದೇ. ಆದರೆ ಶಂಕುವನ್ನು ಉಂಟುಮಾಡುವ ಒಳಗಿನ ತ್ರಿಭುಜದಲ್ಲಿ ಎತ್ತರದ ಪಟ್ಟಿಗಳು ಅಕ್ಷದ ಬಳಿಯಲ್ಲೂ ಗಿಡ್ಡ ಪಟ್ಟಿಗಳು ಅಂಚಿನಲ್ಲೂ ಇವೆ, ಹೊರಗಿನ ತ್ರಿಭುಜದಲ್ಲಿ ಇದು ತಲೆಕೆಳಗಾಗಿದೆ. ಆಯತವನ್ನು ಸಮನಾಗಿ ಹಂಚಿದ್ದೇವೆ, ಆದರೆ ತಿರುಗುವ ದಾರಿಯನ್ನು ಸಮನಾಗಿ ಹಂಚಿಲ್ಲ.

ಇದನ್ನು ಸಂಖ್ಯೆಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಆಯತದ ಅಗಲ 6 ಸೆಂ.ಮೀ., ಎತ್ತರ 8 ಸೆಂ.ಮೀ. ಇರಲಿ. ವಿಸ್ತೀರ್ಣ 48 ಚದರ ಸೆಂ.ಮೀ., ಪ್ರತಿ ತ್ರಿಭುಜದ್ದು 24. ರಟ್ಟಿನಲ್ಲಿ ಕತ್ತರಿಸಿದ ಆಯತವನ್ನು ಪೆನ್ಸಿಲಿನ ತುದಿಯ ಮೇಲೆ ತೂಗಿ ನಿಲ್ಲಿಸಲು ಪ್ರಯತ್ನಿಸಿದರೆ ಅದು ನಟ್ಟನಡುವೆ, ಅಂದರೆ ಅಂಚಿನಿಂದ 3 ಸೆಂ.ಮೀ. ದೂರದಲ್ಲಿ ನಿಲ್ಲುತ್ತದೆ. ಒಳಗಿನ ತ್ರಿಭುಜ ಅಕ್ಷದಿಂದ 2 ಸೆಂ.ಮೀ. ದೂರದ ಬಿಂದುವಿನ ಮೇಲೆ ನಿಲ್ಲುತ್ತದೆ, ಏಕೆಂದರೆ ತ್ರಿಭುಜದ ಗುರುತ್ವ ಕೇಂದ್ರ ಯಾವುದೇ ಬಾಹುವಿನಿಂದ, ಆ ಬಾಹುವಿಗೆ ಎಳೆದ ಎತ್ತರದ ಮೂರನೇ ಒಂದು ದೂರದಲ್ಲಿರುತ್ತದೆ. ಹೊರಗಿನ ತ್ರಿಭುಜದ ಗುರುತ್ವ ಕೇಂದ್ರ ಅಕ್ಷದಿಂದ 4 ಸೆಂ.ಮೀ. ದೂರದಲ್ಲಿದೆ. ಒಂದು ಸುತ್ತಿನಲ್ಲಿ ಈ ಕೇಂದ್ರಗಳು ಸಾಗುವ ದಾರಿಯ ಉದ್ದ, ದೂರವನ್ನು 2 × ಪೈ ಇಂದ ಗುಣಿಸಿದಷ್ಟು: ಆಯತಕ್ಕೆ 6 ಪೈ, ಒಳಗಿನ ತ್ರಿಭುಜಕ್ಕೆ 4 ಪೈ, ಹೊರಗಿನದಕ್ಕೆ 8 ಪೈ. ವಿಸ್ತೀರ್ಣವನ್ನು ದಾರಿಯಿಂದ ಗುಣಿಸಿ: ಸಿಲಿಂಡರ್ 48 × 6 ಪೈ = 288 ಪೈ, ಶಂಕು 24 × 4 ಪೈ = 96 ಪೈ, ಶಂಕುವನ್ನು ಕೊರೆದು ತೆಗೆದ ಮೇಲೆ ಉಳಿಯುವ ಭಾಗ 24 × 8 ಪೈ = 192 ಪೈ ಘನ ಸೆಂ.ಮೀ. ಮೊದಲನೆಯದು ಮಿಕ್ಕೆರಡರ ಮೊತ್ತ, ಮತ್ತು 96 ಎಂಬುದು 288ರ ಸರಿಯಾಗಿ ಮೂರನೇ ಒಂದು.

ವಿಸ್ತೀರ್ಣವನ್ನು ಗುರುತ್ವ ಕೇಂದ್ರ ಸಾಗಿದ ದಾರಿಯಿಂದ ಗುಣಿಸುವ ಈ ನಿಯಮ ಹೊಸದೇನಲ್ಲ. ಕ್ರಿ.ಶ. 4ನೇ ಶತಮಾನದಲ್ಲಿದ್ದ ಅಲೆಕ್ಸಾಂಡ್ರಿಯಾದ ಪಾಪ್ಪಸ್ ಇದನ್ನು ಬಲ್ಲವನಾಗಿದ್ದ, 17ನೇ ಶತಮಾನದಲ್ಲಿ ಪಾಲ್ ಗುಲ್ಡಿನ್ ಇದನ್ನು ಮತ್ತೆ ಮುಂದಿಟ್ಟ. ಶಾಲೆಯ ಪಠ್ಯದಲ್ಲಿ ಇದು ಇಲ್ಲದಿರುವುದು ನನಗೆ ಯಾವಾಗಲೂ ಕೊರತೆಯಾಗಿಯೇ ಕಂಡಿದೆ.

ಅರ್ಧ ಬರಬೇಕಲ್ಲ ಎಂದು ಯೋಚಿಸಿದ್ದಕ್ಕೆ ನಿಮ್ಮ ಮಗಳು ಸಂಕೋಚಪಡಬೇಕಾಗಿಲ್ಲ. 499ರ ಆರ್ಯಭಟೀಯದ ಗಣಿತಪಾದದಲ್ಲಿ ತ್ರಿಭುಜದ ವಿಸ್ತೀರ್ಣಕ್ಕೆ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ ಎಂದು ಸರಿಯಾಗಿ ಹೇಳಿದ ಬೆನ್ನಿಗೇ, ಆರು ಅಂಚುಗಳ ತ್ರಿಕೋನ ಗೋಪುರದ ಘನಫಲವೂ ಪಾದದ ವಿಸ್ತೀರ್ಣ ಮತ್ತು ಎತ್ತರದ ಗುಣಲಬ್ಧದ ಅರ್ಧ ಎಂಬ ಮಾತು ಬರುತ್ತದೆ. ಆ ಶ್ಲೋಕವನ್ನು ಸಾಮಾನ್ಯವಾಗಿ ಹೀಗೆಯೇ ಅರ್ಥೈಸುತ್ತಾರೆ. ಸಮತಲದಲ್ಲಿ ಸರಿಯಾದ ಅರ್ಧವನ್ನು ಘನಾಕೃತಿಗೂ ಹೊತ್ತೊಯ್ಯುವ ಸೆಳೆತ ಅಷ್ಟು ಬಲವಾದದ್ದು. 628ರಲ್ಲಿ ಬ್ರಹ್ಮಗುಪ್ತ ಇದನ್ನು ಸರಿಯಾಗಿ ಹೇಳಿದ: ಒಂದೇ ಅಗಲದಲ್ಲಿ ತೋಡಿದ ಗುಂಡಿಯ ಘನಫಲ ವಿಸ್ತೀರ್ಣ ಮತ್ತು ಆಳದ ಗುಣಲಬ್ಧ, ಅದನ್ನು ಮೂರರಿಂದ ಭಾಗಿಸಿದರೆ ಸೂಚಿಯದ್ದು, ಅಂದರೆ ಸೂಜಿಯಂತೆ ಮೊನಚಾಗುತ್ತ ಹೋಗುವ ಆಕೃತಿಯದ್ದು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಮೂರನೇ ಒಂದನ್ನು ಕಂಡುಹಿಡಿಯಲು ಬೇಕಾದ ಸಾಧನ ಆರ್ಯಭಟನ ಕೈಯಲ್ಲೇ ಇತ್ತು. 1, 4, 9, 16 ಎಂಬಂತೆ ವರ್ಗಗಳ ಮೊತ್ತವನ್ನು ಕಂಡುಹಿಡಿಯುವ ನಿಯಮವನ್ನು ಅದೇ ಗಣಿತಪಾದ ಕೊಡುತ್ತದೆ. ಶಂಕುವನ್ನು ಅಡ್ಡಲಾಗಿ ಸಮ ದಪ್ಪದ 10 ಬಿಲ್ಲೆಗಳನ್ನಾಗಿ ಕೊಯ್ದರೆ, ತುದಿಯಿಂದ ಕೆಳಗಿಳಿಯುತ್ತ ಬಿಲ್ಲೆಗಳ ತ್ರಿಜ್ಯಗಳು 1, 2, 3 ಎಂಬ ಪ್ರಮಾಣದಲ್ಲೂ ವಿಸ್ತೀರ್ಣಗಳು 1, 4, 9 ಎಂಬ ಪ್ರಮಾಣದಲ್ಲೂ ಬೆಳೆಯುತ್ತವೆ. ಪ್ರತಿ ಬಿಲ್ಲೆಗೂ ಅದರ ಕೆಳಮುಖದ ಅಗಲವನ್ನೇ ಕೊಟ್ಟು, ಒಟ್ಟನ್ನು ಸಿಲಿಂಡರಿಗೆ, ಅಂದರೆ 100ರ ಪ್ರಮಾಣದ 10 ಬಿಲ್ಲೆಗಳಿಗೆ, ಹೋಲಿಸಿದರೆ 385/1000, ಅಂದರೆ 0.385 ಸಿಗುತ್ತದೆ. ಇದು ಶಂಕುವಿಗಿಂತ ಸ್ವಲ್ಪ ಹೆಚ್ಚು. ಮೇಲ್ಮುಖದ ಅಗಲವನ್ನು ಕೊಟ್ಟರೆ 0.285, ಇದು ಸ್ವಲ್ಪ ಕಡಿಮೆ. 100 ಬಿಲ್ಲೆಗಳಾದರೆ ಈ ಎರಡು ಮಿತಿಗಳು 0.33835 ಮತ್ತು 0.32835 ಆಗುತ್ತವೆ. ಬಿಲ್ಲೆಗಳು ತೆಳುವಾದಷ್ಟೂ ಎರಡೂ ಮಿತಿಗಳು 0.3333 ಎಂಬಲ್ಲಿಗೇ ಬಂದು ಇಕ್ಕಟ್ಟಾಗುತ್ತವೆ, ಅರ್ಧದ ಕಡೆಗೆ ಸುಳಿಯುವುದೂ ಇಲ್ಲ. ಇದನ್ನು ಕ್ಯಾಲ್ಕುಲೇಟರ್ ಇಲ್ಲದೆ ಕಾಗದದ ಮೇಲೆ ಅವಳೇ ಕೂಡಿಸಿ ನೋಡಲಿ. ಹತ್ತು ವರ್ಗಗಳ ಮೊತ್ತವಷ್ಟೆ.

ಮೇಲ್ಮೈಯಲ್ಲಿ ಮೂರನೇ ಒಂದು ಏಕಿಲ್ಲ ಎಂಬ ನಿಮ್ಮ ಎರಡನೆಯ ಪ್ರಶ್ನೆಗೂ ಇದೇ ದಾರಿಯಲ್ಲಿ ಉತ್ತರವಿದೆ. ಘನವನ್ನು ಉಂಟುಮಾಡುವುದು ತಿರುಗುವ ತ್ರಿಭುಜ, ಮೇಲ್ಮೈಯನ್ನು ಉಂಟುಮಾಡುವುದು ತಿರುಗುವ ಗೆರೆ. ಗೆರೆ ತೂಗಿ ನಿಲ್ಲುವುದು ಅದರ ನಡುಬಿಂದುವಿನಲ್ಲಿ, ಮೂರನೇ ಒಂದು ದೂರದಲ್ಲಲ್ಲ. ನಮ್ಮ ಶಂಕುವಿನಲ್ಲಿ ತ್ರಿಜ್ಯ 6, ಎತ್ತರ 8 ಆದ್ದರಿಂದ ಪೈಥಾಗೊರಸ್ ಪ್ರಮೇಯದಂತೆ ಓರೆ ಎತ್ತರ 10 ಸೆಂ.ಮೀ. ಈ ಓರೆ ಗೆರೆಯ ನಡುಬಿಂದು ಅಕ್ಷದಿಂದ 3 ಸೆಂ.ಮೀ. ದೂರದಲ್ಲಿದೆ, ಅದು ಸುತ್ತುವ ದಾರಿ 6 ಪೈ, ಹೀಗಾಗಿ ವಕ್ರ ಮೇಲ್ಮೈ 10 × 6 ಪೈ = 60 ಪೈ ಚದರ ಸೆಂ.ಮೀ. ಪಠ್ಯದ ಸೂತ್ರವಾದ ಪೈ × ತ್ರಿಜ್ಯ × ಓರೆ ಎತ್ತರ ಎಂಬುದೂ ಇದನ್ನೇ ಕೊಡುತ್ತದೆ. ಸಿಲಿಂಡರಿನ ನೆಟ್ಟನೆಯ ಗೆರೆ ಪೂರ್ತಿಯಾಗಿ ಅಕ್ಷದಿಂದ 6 ಸೆಂ.ಮೀ. ದೂರದಲ್ಲಿರುವುದರಿಂದ ಅದರ ವಕ್ರ ಮೇಲ್ಮೈ 8 × 12 ಪೈ = 96 ಪೈ. ಇವೆರಡರ ಪ್ರಮಾಣ ಯಾವಾಗಲೂ ಓರೆ ಎತ್ತರವನ್ನು ಎತ್ತರದ ಇಮ್ಮಡಿಯಿಂದ ಭಾಗಿಸಿದಷ್ಟು, ಇಲ್ಲಿ 10/16. ಓರೆ ಎತ್ತರ ಎತ್ತರಕ್ಕಿಂತ ಸದಾ ದೊಡ್ಡದಾದ್ದರಿಂದ ಶಂಕುವಿನ ವಕ್ರ ಮೇಲ್ಮೈ ಸಿಲಿಂಡರಿನದರ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ, ಮೂರನೇ ಒಂದಕ್ಕೆ ಎಂದೂ ಇಳಿಯುವುದಿಲ್ಲ.

ವೃತ್ತದ ವಿಸ್ತೀರ್ಣವೂ ಇದೇ ಲೆಕ್ಕ. ತ್ರಿಜ್ಯವೆಂಬ ಗೆರೆಯನ್ನು ಅದರ ಒಂದು ತುದಿಯ ಸುತ್ತ ತಿರುಗಿಸಿದರೆ ವೃತ್ತ ತುಂಬುತ್ತದೆ, ನಡುಬಿಂದು ಅರ್ಧ ತ್ರಿಜ್ಯದ ದೂರದಲ್ಲಿ ಸುತ್ತುತ್ತದೆ, ಆದ್ದರಿಂದ ವಿಸ್ತೀರ್ಣ ಪೈ × ತ್ರಿಜ್ಯದ ವರ್ಗ. ವೃತ್ತವನ್ನು ಈರುಳ್ಳಿಯ ಪದರಗಳಂಥ ಬಳೆಗಳೆಂದು ಭಾವಿಸಿ, ಒಂದು ಕಡೆ ಕತ್ತರಿಸಿ, ಎಲ್ಲ ಬಳೆಗಳನ್ನೂ ನೇರಗೊಳಿಸಿ ಒಂದರ ಮೇಲೊಂದು ಇಟ್ಟರೂ ಇದು ಕಾಣುತ್ತದೆ: ಪಾದ ಪರಿಧಿಯಷ್ಟು, ಎತ್ತರ ತ್ರಿಜ್ಯದಷ್ಟು ಇರುವ ತ್ರಿಭುಜ ಸಿಗುತ್ತದೆ. ಆರ್ಯಭಟ ವೃತ್ತಫಲವನ್ನು ಪರಿಧಿಯ ಅರ್ಧ ಮತ್ತು ವ್ಯಾಸದ ಅರ್ಧದ ಗುಣಲಬ್ಧ ಎಂದಿರುವುದೂ, ಅವನಿಗೂ ಮೊದಲೇ ಆರ್ಕಿಮಿಡೀಸ್ ವೃತ್ತವನ್ನು ಇಂಥದೇ ತ್ರಿಭುಜಕ್ಕೆ ಸಮ ಎಂದು ಸಾಧಿಸಿದ್ದೂ ಇದನ್ನೇ.

ಇಷ್ಟಾದ ಮೇಲೆ ಒಂದು ಡ್ರಾಯಿಂಗ್ ಶೀಟ್ ತೆಗೆದುಕೊಂಡು ಕೈಯಿಂದಲೇ ಮಾಡಿ ನೋಡಿ. 6, 8, 10 ಎಂಬ ಅಳತೆಗಳನ್ನು ನಾನು ಆರಿಸಿಕೊಂಡದ್ದು ಅದಕ್ಕಾಗಿಯೇ. ಶಂಕುವನ್ನು ಬಿಡಿಸಿ ಹರಡಿದರೆ ಬರುವುದು 10 ಸೆಂ.ಮೀ. ತ್ರಿಜ್ಯದ ತ್ರಿಜ್ಯಾಂತರ ಖಂಡ. ಅದರ ಕೋನ 360 × 6/10, ಅಂದರೆ ಸರಿಯಾಗಿ 216 ಡಿಗ್ರಿ. ಹಾಗಾಗಿ 10 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಬರೆದು, ಅದರಿಂದ 144 ಡಿಗ್ರಿಯ ಹೋಳನ್ನು ಕತ್ತರಿಸಿ ತೆಗೆದು, ಉಳಿದದ್ದರ ಎರಡು ಅಂಚುಗಳನ್ನು ಕೂಡಿಸಿದರೆ ನಮ್ಮ ಶಂಕು ಸಿದ್ಧ. ಅಂಟು ಹಚ್ಚಲು ಬೇಕಾದ ಅಂಚನ್ನು 216 ಡಿಗ್ರಿಯ ಹೊರಗೆ, ತೆಗೆಯುವ ಹೋಳಿನ ಕಡೆಯಿಂದ ಉಳಿಸಿಕೊಳ್ಳಿ. ಒಳಗಿನಿಂದ ಕಳೆದರೆ ಶಂಕುವಿನ ಬಾಯಿ ಕಿರಿದಾಗಿ ಲೆಕ್ಕ ತಪ್ಪುತ್ತದೆ. ಸಿಲಿಂಡರಿಗೆ 37.7 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿ ಬೇಕು, ಇಲ್ಲಿಯೂ ಅಂಟಿನ ಅಂಚು ಪ್ರತ್ಯೇಕ. ತಳಕ್ಕೆ 6 ಸೆಂ.ಮೀ. ತ್ರಿಜ್ಯದ ರಟ್ಟಿನ ಬಿಲ್ಲೆಯನ್ನು ಒಳಗೆ ಕೂರಿಸಿದರೆ ಸಿಲಿಂಡರ್ ಮೊಟ್ಟೆಯಂತೆ ಚಪ್ಪಟೆಯಾಗದೆ ದುಂಡಗೆ ನಿಲ್ಲುತ್ತದೆ. ಒಣಗಿದ ಸಣ್ಣ ಮರಳನ್ನು ಶಂಕುವಿನಲ್ಲಿ ತುಂಬಿ, ಸ್ಕೇಲಿನಿಂದ ಬಾಯಿ ಸವರಿ ಸುರಿದರೆ ಮೂರನೆಯ ಸಲಕ್ಕೆ ಸಿಲಿಂಡರ್ ತುಂಬುತ್ತದೆ. ದಪ್ಪ ಕಾಳು ಬೇಡ, ಅದು ಶಂಕುವಿನ ತುದಿಗೆ ಇಳಿಯುವುದಿಲ್ಲ.

ಈ ಅಳತೆಗಳಲ್ಲಿ ಒಂದು ತಮಾಷೆಯೂ ಅಡಗಿದೆ. ಶಂಕುವಿನ ಘನಫಲ 96 ಪೈ, ಪಾದವನ್ನೂ ಸೇರಿಸಿದ ಪೂರ್ಣ ಮೇಲ್ಮೈ 60 ಪೈ ಮತ್ತು 36 ಪೈ ಸೇರಿ 96 ಪೈ, ಸಿಲಿಂಡರಿನ ವಕ್ರ ಮೇಲ್ಮೈಯೂ 96 ಪೈ. ಇದರಲ್ಲಿ ಯಾವ ಗುಟ್ಟೂ ಇಲ್ಲ. ಮೊದಲನೆಯದು ಘನ ಸೆಂಟಿಮೀಟರ್, ಮಿಕ್ಕೆರಡು ಚದರ ಸೆಂಟಿಮೀಟರ್. ಅದೇ ಲೆಕ್ಕವನ್ನು ಮಿಲಿಮೀಟರಿನಲ್ಲಿ ಮಾಡಿದರೆ ಘನಫಲ 96,000 ಪೈ, ಮೇಲ್ಮೈ 9,600 ಪೈ ಆಗಿ ಹೋಲಿಕೆ ಮುರಿದುಬೀಳುತ್ತದೆ. ಉತ್ತರದ ಪಕ್ಕದಲ್ಲಿ ಮಾನವನ್ನು ಬರೆಯದ ವಿದ್ಯಾರ್ಥಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ತುದಿ ಕೆಳಗಾಗಿ ಹಿಡಿದ ಶಂಕುವಿನಲ್ಲಿ ಅರ್ಧ ಎತ್ತರದವರೆಗೆ ಮಾತ್ರ ಮರಳು ತುಂಬಿ, ಎಷ್ಟು ಹಿಡಿಯಿತು ಎಂದು ಅವಳನ್ನು ಊಹಿಸಲು ಹೇಳಿ. ಅರ್ಧ ಎತ್ತರದಲ್ಲಿ ತ್ರಿಜ್ಯವೂ ಅರ್ಧವಾಗುತ್ತದೆ, ತ್ರಿಜ್ಯದ ವರ್ಗ ಕಾಲು ಭಾಗವಾಗುತ್ತದೆ, ಅದನ್ನು ಅರ್ಧ ಎತ್ತರದಿಂದ ಗುಣಿಸಿದಾಗ ಸಿಗುವುದು ಎಂಟನೇ ಒಂದು ಭಾಗ ಮಾತ್ರ. ನಿಜವಾಗಿ ಅರ್ಧ ತುಂಬಬೇಕಾದರೆ ಎತ್ತರದ ಸುಮಾರು 0.794 ಭಾಗದವರೆಗೆ, 8 ಸೆಂ.ಮೀ. ಶಂಕುವಿನಲ್ಲಿ 6.35 ಸೆಂ.ಮೀ. ವರೆಗೆ ತುಂಬಬೇಕು.

ಇನ್ನು ಲೆಕ್ಕ ಬಿಡಿಸುವಾಗ ಆಗುವ ತಪ್ಪುಗಳು. ನಾನು ಕಂಡಂತೆ ಅವುಗಳಲ್ಲಿ ಹೆಚ್ಚಿನವು ಸೂತ್ರ ಮರೆತು ಆಗುವಂಥವಲ್ಲ, ತಪ್ಪು ಉದ್ದವನ್ನು ಸೂತ್ರದೊಳಗೆ ಇಟ್ಟು ಆಗುವಂಥವು. ಶಂಕುವಿನ ಘನಫಲಕ್ಕೆ ನೆಟ್ಟಗಿನ ಎತ್ತರ ಬೇಕು, ವಕ್ರ ಮೇಲ್ಮೈಗೆ ಓರೆ ಎತ್ತರ ಬೇಕು, ಪ್ರಶ್ನೆಯಲ್ಲಿ ಕೊಡುವುದು ಹೆಚ್ಚಾಗಿ ಇನ್ನೊಂದನ್ನು. ನಮ್ಮ ಶಂಕುವಿನಲ್ಲೇ 8ರ ಬದಲು 10 ಇಟ್ಟರೆ ಘನಫಲ 96 ಪೈ ಹೋಗಿ 120 ಪೈ ಆಗುತ್ತದೆ, ಕಾಲು ಭಾಗದಷ್ಟು ಹೆಚ್ಚು. ಇದಕ್ಕಿಂತ ದೊಡ್ಡ ಅಪಾಯ ವ್ಯಾಸದ್ದು. ಟ್ಯಾಂಕಿನ ಬಾಯಿಗೆ ಟೇಪು ಹಿಡಿದು ಅಳೆಯುವಾಗ ನಮಗೆ ಸಿಗುವುದು ವ್ಯಾಸ, ಸೂತ್ರ ಕೇಳುವುದು ತ್ರಿಜ್ಯ. 1.2 ಮೀಟರ್ ವ್ಯಾಸ, 1.5 ಮೀಟರ್ ಎತ್ತರದ ಸಿಲಿಂಡರ್ ಟ್ಯಾಂಕಿನ ಘನಫಲ ಪೈ × 0.6 × 0.6 × 1.5, ಅಂದರೆ ಸುಮಾರು 1.696 ಘನ ಮೀಟರ್. ಒಂದು ಘನ ಮೀಟರಿಗೆ 1000 ಲೀಟರ್ ಆದ್ದರಿಂದ ಅದು 1696 ಲೀಟರ್ ಹಿಡಿಯುತ್ತದೆ. ಅವಸರದಲ್ಲಿ 1.2ನ್ನೇ ತ್ರಿಜ್ಯವೆಂದು ಇಟ್ಟರೆ ಉತ್ತರ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗಿ 6786 ಲೀಟರ್ ಬರುತ್ತದೆ. ಪೂರ್ಣ ಮೇಲ್ಮೈಯ ಲೆಕ್ಕದಲ್ಲಿ ಪಾತ್ರೆಗೆ ಮುಚ್ಚಳವಿದೆಯೋ ಇಲ್ಲವೋ ಎಂಬುದನ್ನೂ ನೋಡಬೇಕು, ತೆರೆದ ಟ್ಯಾಂಕಿಗೆ ಒಂದೇ ವೃತ್ತವನ್ನು ಸೇರಿಸಬೇಕು.

ಪೈ ಬೆಲೆಯ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 22/7 ನಿಜವಾದ ಬೆಲೆಗಿಂತ ಶೇ. 0.04ರಷ್ಟು ಹೆಚ್ಚು, 3.14 ಶೇ. 0.05ರಷ್ಟು ಕಡಿಮೆ. ದಶಮಾಂಶ ಕಂಡರೆ ಹೆಚ್ಚು ನಿಖರವೆಂದು ನಂಬುವವರಿಗೆ ಆಶ್ಚರ್ಯವಾಗಬಹುದು, ಇವೆರಡರಲ್ಲಿ ಭಿನ್ನರಾಶಿಯೇ ಸತ್ಯಕ್ಕೆ ತುಸು ಹತ್ತಿರ. ತ್ರಿಜ್ಯ 7, 14, 3.5 ಇದ್ದಾಗ ಭಾಗಾಕಾರ ಸರಾಗವಾಗಿ ಹೋಗುವುದರಿಂದ 22/7 ಇಡಿ, ಪ್ರಶ್ನೆಯಲ್ಲಿ ಯಾವುದನ್ನು ಹೇಳಿದ್ದಾರೋ ಅದನ್ನೇ ಇಡಿ. ವ್ಯಾಸ 20,000 ಇದ್ದರೆ ಪರಿಧಿ 62,832 ಎಂದು ಆರ್ಯಭಟ ಕೊಟ್ಟ ಬೆಲೆ 3.1416, ಮತ್ತು ಅದನ್ನು ಅವನು 'ಆಸನ್ನ', ಅಂದರೆ ಸಮೀಪದ ಬೆಲೆ ಎಂದೇ ಕರೆದ. ಟೇಪು ಹಿಡಿಯುವಾಗ ತ್ರಿಜ್ಯದಲ್ಲಿ ಶೇ. 1ರಷ್ಟು ತಪ್ಪಿದರೆ, ತ್ರಿಜ್ಯ ವರ್ಗವಾಗುವುದರಿಂದ ಘನಫಲ ಶೇ. 2ರಷ್ಟು ತಪ್ಪುತ್ತದೆ. 22/7 ತರುವ ತಪ್ಪಿನ ಐವತ್ತು ಪಟ್ಟು ಅದು.

ಒಳಗೆ ಟೇಪು ಹಾಕಲಾಗದ ಕಡೆ, ಉದಾಹರಣೆಗೆ ಧಾನ್ಯದ ಅಥವಾ ಮರಳಿನ ರಾಶಿಯಲ್ಲಿ, ತ್ರಿಜ್ಯವನ್ನು ಹುಡುಕದೆ ಸುತ್ತಳತೆಯಿಂದಲೇ ಹೊರಡುವುದು ಲೇಸು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಇದಕ್ಕೆಂದೇ ರಾಶಿ ವ್ಯವಹಾರದ ನಿಯಮ ಕೊಟ್ಟಿದ್ದಾನೆ: ಸುತ್ತಳತೆಯ ಆರನೇ ಒಂದನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಬೇಕು. ಪೈ ಬೆಲೆಯನ್ನು 3 ಎಂದು ಇಟ್ಟುಕೊಂಡರೆ ಸುತ್ತಳತೆಯ ಆರನೇ ಒಂದೇ ತ್ರಿಜ್ಯ, ಮತ್ತು ಆ ಪೈ ಶಂಕುವಿನ ಮೂರನೇ ಒಂದರ ಜೊತೆ ಹೊಡೆದುಹೋಗುತ್ತದೆ, ಉಳಿಯುವುದು ಇಷ್ಟೇ. ಎತ್ತರವನ್ನೂ ಅಳೆಯಬೇಕಾಗಿಲ್ಲವೆಂಬಂತೆ, ದಪ್ಪ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಿನದು ಹನ್ನೊಂದನೇ ಒಂದು, ಸುಂಕಿರುವ, ಅಂದರೆ ತುದಿಯಲ್ಲಿ ಮುಳ್ಳಿನಂಥ ಎಳೆಯಿರುವ ಧಾನ್ಯದ್ದು ಒಂಬತ್ತನೇ ಒಂದು ಎಂದೂ ಅವನು ಹೇಳುತ್ತಾನೆ. ಲೆಕ್ಕ ಹಾಕಿದರೆ ಈ ರಾಶಿಗಳ ಇಳಿಜಾರು ಸುಮಾರು 32, 30 ಮತ್ತು 35 ಡಿಗ್ರಿ ಆಗುತ್ತದೆ, ಸುಂಕು ಒಂದಕ್ಕೊಂದು ಸಿಕ್ಕಿಕೊಳ್ಳುವ ಕಾಳು ಕಡಿದಾಗಿ ನಿಲ್ಲುವುದು ಸಹಜವೇ.

6 ಮೀಟರ್ ಸುತ್ತಳತೆಯ ದಪ್ಪ ಕಾಳಿನ ರಾಶಿಯ ಎತ್ತರ 0.6 ಮೀಟರ್, ಭಾಸ್ಕರನ ನಿಯಮದಂತೆ ಘನಫಲ 1 × 1 × 0.6 = 0.6 ಘನ ಮೀಟರ್. ಪೈ ಬೆಲೆಯನ್ನು 3ಕ್ಕೆ ಇಳಿಸಿದ್ದರಿಂದ ಇದು ಶೇ. 4.7ರಷ್ಟು ಹೆಚ್ಚಾಗಿದೆ. ನಿಮ್ಮ ಮಗಳು ಸರಿಯಾದ ಬೆಲೆಯಿಂದ ಹೊರಟರೆ, ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ 36ರ ಬದಲು 12 ಪೈ, ಅಂದರೆ 37.7ರಿಂದ ಭಾಗಿಸಬೇಕಾಗುತ್ತದೆ, ಆಗ 0.573 ಘನ ಮೀಟರ್ ಬರುತ್ತದೆ. ಆ 12 ಪೈ ಹೇಗೆ ಬಂತೆಂದು ಅವಳೇ ಬಿಡಿಸಲಿ, ಅದಕ್ಕೆ ಬೇಕಾದದ್ದೆಲ್ಲ ಮೇಲಿನ ಸಾಲುಗಳಲ್ಲಿದೆ.